ಕೆರೆಯ ಏರಿಯೂ ಶಿಲುಬೆಯೂ: ಹೊಸಪೇಟೆಯ ಒಂದು ಬಲಿಯ ವೃತ್ತಾಂತವನ್ನು ಕುರಿತು

ಹೊಸಪೇಟೆಯ ನೈರುತ್ಯಕ್ಕೆ, ಸಂಡೂರಿನ ಬೆಟ್ಟಸಾಲುಗಳ ಕಣಿವೆ ಬಯಲಿಗೆ ತೆರೆದುಕೊಳ್ಳುವ ಕಡೆಯಲ್ಲಿ, ವಿಜಯನಗರದ ಕಾಲದ ಒಂದು ದೊಡ್ಡ ಕೆರೆಯ ಏರಿ ಇದೆ. ಬಳ್ಳಾರಿ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ ರಾಬರ್ಟ್ ಸಿವೆಲ್ 1900ರಲ್ಲಿ ‘ಎ ಫಾರ್ಗಾಟನ್ ಎಂಪೈರ್’ ಎಂಬ ಗ್ರಂಥವನ್ನು ಪ್ರಕಟಿಸಿದಾಗ ಆ ಕೆರೆಯಲ್ಲಿ ನೀರಿರಲಿಲ್ಲ. ದಕ್ಷಿಣದ ತಾಲೂಕುಗಳಿಗೆ ಹೋಗುವ ಹೆದ್ದಾರಿಯು ಅದರ ಏರಿಯನ್ನೇ ಬಳಸಿಕೊಂಡು ಸಾಗುತ್ತಿತ್ತು. ಕೃಷ್ಣದೇವರಾಯನು ತಾನು ಕಟ್ಟಿಸಿದ ನಾಗಲಾಪುರಕ್ಕೆ, ಅಂದರೆ ಈಗಿನ ಹೊಸಪೇಟೆಗೆ, ನೀರೊದಗಿಸಲೆಂದು ಮಾಡಿಸಿದ ಕೆರೆ ಇದೇ ಇರಬೇಕೆಂಬುದು ಸಿವೆಲ್‌ನ ಅಭಿಪ್ರಾಯ. ಈ ಕೆರೆಯನ್ನು ಕುರಿತು ಇಬ್ಬರು ಪೋರ್ಚುಗೀಸರು ಬರೆದಿಟ್ಟ ಒಂದು ವೃತ್ತಾಂತವು ನಮ್ಮ ಶುಭ ಶುಕ್ರವಾರದ ಪ್ರಸಂಗಗಳಿಗೆ ನೇರವಾಗಿ ಸಂಬಂಧಿಸಿದೆ ಎಂಬುದು ನನ್ನ ಎಣಿಕೆ. ಇತಿಹಾಸಕಾರರು ಅದನ್ನು ಹಲವು ಬಾರಿ ಎತ್ತಿ ಆಡಿದ್ದಾರೆ. ದೈವಶಾಸ್ತ್ರವನ್ನು ಓದುವ ನಾವು ಅದರ ಮುಂದೆ ಸಾಕಷ್ಟು ಹೊತ್ತು ನಿಂತಿಲ್ಲ.

ಮೊದಲನೆಯವನು ಡೊಮಿಂಗೊ ಪಾಯೆಸ್. ಸುಮಾರು 1520ರಲ್ಲಿ ಅವನು ವಿಜಯನಗರದಲ್ಲಿದ್ದನು. ಎರಡನೆಯವನು ಫೆರ್ನಾವೊ ನೂನಿಜ್; ಕುದುರೆ ವ್ಯಾಪಾರಿ, ಬರೆದದ್ದು ಸುಮಾರು 1535ರಲ್ಲಿ. ಇವರಿಬ್ಬರ ಬರಹಗಳು ಪ್ಯಾರಿಸ್ಸಿನ ಗ್ರಂಥಾಲಯದ ಒಂದು ಹಸ್ತಪ್ರತಿಯಲ್ಲಿ ಉಳಿದಿದ್ದು, ದಾವಿದ್ ಲೋಪೆಸ್ ಅವುಗಳನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದನು. ಸಿವೆಲ್ ಅವನ್ನೇ ಇಂಗ್ಲಿಷಿಗೆ ತಂದನು.

ಪಾಯೆಸ್ ಹೇಳುವ ಪ್ರಕಾರ, ಕೆರೆಯ ಕೆಲಸದಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ತೊಡಗಿದ್ದರು. ನೆಲವೇ ಕಾಣಿಸದಷ್ಟು ಜನ. ಇದನ್ನು ಅವನು ಕಣ್ಣಾರೆ ಕಂಡನು. ಆದರೆ ಏರಿಯು ಎರಡು ಮೂರು ಸಲ ಒಡೆಯಿತು. ರಾಜನು ಬ್ರಾಹ್ಮಣರನ್ನು ಕರೆಸಿ ಕಾರಣ ಕೇಳಿದನು. ದೇವರು ಮುನಿದಿದ್ದಾನೆ, ಮನುಷ್ಯರ, ಕುದುರೆಗಳ ಮತ್ತು ಕೋಣಗಳ ರಕ್ತ ಬೇಕು ಎಂಬ ಉತ್ತರ ಬಂದಿತು. ಕೂಡಲೇ ದೇವಾಲಯದ ಬಾಗಿಲಲ್ಲಿ ಅರವತ್ತು ಮಂದಿಯ ತಲೆಗಳನ್ನು ಕಡಿಸಲಾಯಿತು. ಕೆಲವು ಕುದುರೆಗಳನ್ನೂ ಕೋಣಗಳನ್ನೂ ಕೊಂದರು. ನೂನಿಜ್ ಸಂಖ್ಯೆಯನ್ನು ಕೊಡದಿದ್ದರೂ ಸತ್ತವರು ಯಾರೆಂಬುದನ್ನು ಹೇಳುತ್ತಾನೆ: ರಾಜನ ಸೆರೆಯಲ್ಲಿದ್ದು ಮರಣಕ್ಕೆ ಅರ್ಹರೆನಿಸಿಕೊಂಡಿದ್ದ ಬಂದಿಗಳು. ಆಮೇಲೆ ಕೆಲಸ ಮುಂದುವರಿಯಿತಂತೆ. ಏರಿ ನಿಂತಿತು, ಕಾಲುವೆಗಳು ಹರಿದವು, ಗದ್ದೆ ತೋಟಗಳು ಎದ್ದವು. ಆ ಭೂಮಿಯನ್ನು ಹದಗೊಳಿಸುವವರಿಗೆ ರಾಜನು ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟನು. ನೂನಿಜ್ ಬರೆಯುವ ಹೊತ್ತಿಗೆ ಅದರ ಹುಟ್ಟುವಳಿ 20,000 ಪರ್ದಾವ್‌ಗಳಿಗೆ ಏರಿತ್ತು.

ನೂನಿಜ್ ಇನ್ನೊಂದು ಸಂಗತಿಯನ್ನು ಸೇರಿಸುತ್ತಾನೆ. ರಾಜನು ಗೋವೆಯ ಪೋರ್ಚುಗೀಸ್ ಅಧಿಪತಿಯಿಂದ ಕಲ್ಲುಕೆಲಸದವರನ್ನು ಬೇಡಿ ತರಿಸಿದ್ದನು. ಅವರಲ್ಲಿ ಜೋವಾವ್ ದೆಲ್ಲಾ ಪೊಂತೆ ಎಂಬವನು ನಿಪುಣ. ರಾಜನ ಯೋಜನೆಯನ್ನು ಕೇಳಿ, ಆಗದ ಕೆಲಸವೆಂದು ಅವನಿಗೆ ತೋರಿದರೂ ಮಾಡಿಕೊಡುವೆನೆಂದು ಒಪ್ಪಿ, ಸುಣ್ಣವನ್ನು ಸಿದ್ಧಪಡಿಸಿರೆಂದು ಕೇಳಿದನಂತೆ. ಅದಕ್ಕೆ ರಾಜನು ನಕ್ಕುಬಿಟ್ಟನಂತೆ. ಈ ನಾಡಿನಲ್ಲಿ ಕಟ್ಟಡಕ್ಕೆ ಸುಣ್ಣ ಬಳಸುವುದು ಗೊತ್ತಿಲ್ಲ ಎಂಬುದು ನೂನಿಜ್‌ನ ವಿವರಣೆ. ಈ ವಿವರಣೆಯನ್ನು ನಾನು ನಂಬುವುದಿಲ್ಲ. ಹಂಪೆಯ ಗೋಪುರಗಳ ಮೇಲಿನ ಗಾರೆಯ ಬೊಂಬೆಗಳನ್ನು ಕಂಡ ಯಾರೂ ನಂಬಲಾರರು. ತನ್ನ ದೇಶದವನನ್ನು ಜಾಣನಾಗಿ ತೋರಿಸುವ ಚಪಲ ಇಲ್ಲಿ ಎದ್ದು ಕಾಣುತ್ತದೆ. ಆದರೂ ಕಥೆಯ ಮೂಲಾಂಶವೊಂದು ಉಳಿಯುತ್ತದೆ: ಬಲಿಯ ಆಜ್ಞೆ ಹೊರಟ ಆ ಕೆಲಸದಲ್ಲಿ ದೀಕ್ಷಾಸ್ನಾನ ಹೊಂದಿದ ಒಬ್ಬ ಕಲ್ಲುಕುಟಿಗನ ಕೈಯೂ ಇತ್ತು. ಅವನು ಆ ದಿನ ಏನು ಮಾಡಿದನೆಂದು ನೂನಿಜ್ ಬರೆದಿಲ್ಲ. ನಮ್ಮ ಸಭೆಗಳ ಗಾರೆಕೆಲಸದವರು ಇಂದಿಗೂ ಕೇಳುವ ಒಂದು ಪ್ರಶ್ನೆ ಆ ಮೌನದಲ್ಲಿ ಅಡಗಿದೆ. ಅದನ್ನು ಕಡೆಯಲ್ಲಿ ನೋಡೋಣ.

ಈ ವೃತ್ತಾಂತ ಎಷ್ಟರ ಮಟ್ಟಿಗೆ ನಿಜ? ಕೆಲಸಗಾರರನ್ನು ಕಂಡೆನೆಂದು ಪಾಯೆಸ್ ಹೇಳುತ್ತಾನೆ. ತಲೆ ಕಡಿದದ್ದನ್ನು ಕಂಡೆನೆಂದು ಹೇಳುವುದಿಲ್ಲ. ನೂನಿಜ್ ಬರೆದದ್ದು ಹದಿನೈದು ವರ್ಷಗಳ ಬಳಿಕ. ಇಬ್ಬರೂ ಹೊರಗಿನವರು, ದೇವಾಲಯದೊಳಗಿನ ಮಾತು ಅವರ ಕಿವಿಗೆ ಬಿದ್ದದ್ದು ಬಾಯಿಯಿಂದ ಬಾಯಿಗೆ ದಾಟಿ. ಆದರೆ ಇಬ್ಬರೂ ಬೇರೆ ಬೇರೆಯಾಗಿ ಒಂದೇ ಸಂಗತಿಯನ್ನು ಹೇಳುತ್ತಾರೆ, ಮತ್ತು ಇಬ್ಬರಿಗೂ ಕೃಷ್ಣದೇವರಾಯನ ವಿಷಯದಲ್ಲಿ ಮೆಚ್ಚಿಕೆಯೇ ಹೊರತು ದ್ವೇಷವಿಲ್ಲ. ಏನೋ ಒಂದು ನಡೆದಿರಬೇಕು, ಇಲ್ಲವೆ ನಡೆಯಿತೆಂದು ಪಟ್ಟಣದ ಜನರೇ ನಂಬಿರಬೇಕು. ನನ್ನ ವಿಚಾರಕ್ಕೆ ಎರಡನೆಯದೂ ಸಾಕು. ನೀರು ನಿಲ್ಲಬೇಕಾದರೆ ರಕ್ತ ಬೀಳಬೇಕು ಎಂಬ ತರ್ಕ ಜನರ ಬಾಯಲ್ಲಿತ್ತು.

ಆದರೆ ಅದೊಂದೇ ತರ್ಕ ಈ ನಾಡಿನಲ್ಲಿತ್ತೆಂದು ಭಾವಿಸಿದರೆ ದೊಡ್ಡ ಅನ್ಯಾಯವಾಗುತ್ತದೆ. ಈ ಕೆರೆಗಿಂತ ಸುಮಾರು ನೂರೈವತ್ತು ವರ್ಷ ಮೊದಲು, 1369ರಲ್ಲಿ, ಬುಕ್ಕರಾಯನ ಮಗನಾದ ಭಾಸ್ಕರನು ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಸಂಸ್ಕೃತ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಹನ್ನೆರಡು ಸಾಧನಗಳು ಬೇಕು, ಆರು ದೋಷಗಳು ಇರಬಾರದು ಎಂದು ಅದು ವಿಧಿಸುತ್ತದೆ. ಜಲಶಾಸ್ತ್ರ ಬಲ್ಲ ಬ್ರಾಹ್ಮಣ ಬೇಕು. ಗಟ್ಟಿ ನೆಲ ಬೇಕು. ಸಿಹಿನೀರಿನ ನದಿ ಬೇಕು. ಹತ್ತಿರದಲ್ಲಿ ಕಲ್ಲು ದೊರೆಯಬೇಕು. ಏರಿ ಬಹಳ ಉದ್ದವಾಗಬಾರದು. ಕಲೆ ಬಲ್ಲ ಕೆಲಸಗಾರರ ತಂಡ ಬೇಕು. ಏರಿಯಿಂದ ನೀರು ಜಿನುಗುವುದು ದೋಷ. ಸವಳು ಮಣ್ಣು ದೋಷ. ಎರಡು ರಾಜ್ಯಗಳ ಗಡಿಯಲ್ಲಿರುವುದು ದೋಷ. ಸಾವಿರ ಆಳುಗಳು ಎರಡು ವರ್ಷ ದುಡಿದರೆಂಬುದನ್ನೂ ಆ ಶಾಸನ ದಾಖಲಿಸಿದೆ. ಪಾಯೆಸ್‌ನ ಬರಹದಲ್ಲಿ ಬ್ರಾಹ್ಮಣನು ರಕ್ತ ಕೇಳುವವನಾದರೆ ಇಲ್ಲಿ ಅವನು ನೀರಿನ ಶಾಸ್ತ್ರ ಬಲ್ಲವನು. ಏರಿ ಏಕೆ ಒಡೆಯಿತು ಎಂಬ ಪ್ರಶ್ನೆಗೆ ಉತ್ತರವನ್ನು ಮಣ್ಣಿನಲ್ಲಿ ಹುಡುಕುವ ವಿವೇಕ ಆ ಸಾಮ್ರಾಜ್ಯಕ್ಕೆ ತಿಳಿಯದ್ದಲ್ಲ. ಹಂಪೆಯ ಸುತ್ತ ಇಂದಿಗೂ ಹರಿಯುವ ತುರ್ತು ಕಾಲುವೆ, ಬಸವಣ್ಣ ಕಾಲುವೆ, ಕೆಳಗಡೆ ಕಂಪ್ಲಿಯ ಭತ್ತ, ಕಬ್ಬು, ಬಾಳೆಗಳಿಗೆ ನೀರುಣಿಸುವ ಕಾಲುವೆ, ಇವೆಲ್ಲ ಆ ವಿವೇಕದ ಫಲಗಳೇ.

ಒಂದೇ ರಾಜ್ಯದಲ್ಲಿ, ಒಂದೇ ಧರ್ಮದವರಲ್ಲಿ, ಎರಡೂ ಉತ್ತರಗಳು ಇದ್ದವು. ಎರಡನೆಯ ಏರಿ ಒಡೆದಾಗ, ಮೂರನೆಯದು ಒಡೆದಾಗ, ಹಣ ಕರಗಿ ರಾಜನ ಮಾನ ಹೋಗುವ ಭಯ ಹುಟ್ಟಿದಾಗ, ಮೊದಲನೆಯ ಉತ್ತರದಿಂದ ಎರಡನೆಯದಕ್ಕೆ ಜಾರಿದರು. ಸುಣ್ಣ ಕೇಳಿದವನು ನಗೆಗೀಡಾದನು, ರಕ್ತ ಕೇಳಿದವರಿಗೆ ಅದು ದೊರೆಯಿತು. ನನ್ನನ್ನು ಕಾಡುವುದು ಈ ಜಾರುವಿಕೆ. ಭಯವೇ ಅದರ ತಾಯಿ.

ಕನ್ನಡದ ಓದುಗರಿಗೆ ಇಷ್ಟು ಹೊತ್ತಿಗೆ ‘ಕೆರೆಗೆ ಹಾರ’ ನೆನಪಾಗಿರುತ್ತದೆ. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದೆ, ಶಾಸ್ತ್ರ ಕೇಳಿದಾಗ ಮನೆಯ ಸೊಸೆಯೊಬ್ಬಳನ್ನು ಕೊಡಬೇಕೆಂದು ಬರುತ್ತದೆ. ಕಿರಿಯ ಸೊಸೆ ಭಾಗೀರಥಿಯನ್ನು ಕೊಡುತ್ತಾರೆ. ದಂಡಿನಿಂದ ಮರಳಿ ಬಂದ ಗಂಡ ಮಾದೇವರಾಯನು ತಾನೂ ಅದೇ ಕೆರೆಗೆ ಹಾರುತ್ತಾನೆ. ಈ ಪದವನ್ನು ಹಾಡಿದವರು ಹೆಣ್ಣುಮಕ್ಕಳು. ಅವರು ಕೆರೆಯ ದೇವತೆಯನ್ನು ಬೈಯುವುದಿಲ್ಲ. ಆದರೆ ಮಾವ, ಅತ್ತೆ, ತವರಿನವರು ಎಲ್ಲರೂ ಹೇಗೆ ಬಾಯಿ ಮುಚ್ಚಿಕೊಂಡರೆಂದು ಒಂದೊಂದಾಗಿ ತೋರಿಸುತ್ತಾರೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಯಜಮಾನಿಕೆಗೆ ಕುಂದು. ಕಿರಿಯಳಾದರೆ ಕೇಳುವವರಿಲ್ಲ. ಹೊಸಪೇಟೆಯಲ್ಲಿ ಬಂದಿಗಳು, ಕಲ್ಲನಕೇರಿಯಲ್ಲಿ ಕಿರಿಯ ಸೊಸೆ: ಯಾರ ಪರವಾಗಿ ಯಾರೂ ಎದ್ದು ಬರುವುದಿಲ್ಲವೋ ಅವರ ಕಡೆಗೇ ದೇವರ ಬೆರಳು ತಿರುಗುತ್ತದೆ. ಭಾಗೀರಥಿ ತಾನಾಗಿ ಹೋದಳೆಂದು ಆಕೆಯ ತ್ಯಾಗವನ್ನು ಕೊಂಡಾಡುವ ವ್ಯಾಖ್ಯಾನಗಳನ್ನು ನಾನು ಓದಿದ್ದೇನೆ. ಬೇರೆ ದಾರಿಯೇ ಇಲ್ಲದವಳ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯಲು ನನಗೆ ಮನಸ್ಸು ಬಾರದು. ನಮ್ಮ ವೇದಿಕೆಗಳಿಂದ, ಹೊಡೆತ ತಿನ್ನುವ ಹೆಂಡತಿಗೆ ಶಿಲುಬೆಯನ್ನು ಹೊರು ಎಂದು ಬೋಧಿಸಿದಾಗಲೂ ಇದೇ ತಪ್ಪು ನಡೆಯುತ್ತದೆ.

ಇಲ್ಲಿ ಒಂದು ಅಪಾಯವನ್ನು ಮೊದಲೇ ದಾಟಬೇಕು. ಪಾಯೆಸ್‌ನ ವೃತ್ತಾಂತವನ್ನು ಹಿಡಿದು, ನೋಡಿರಿ, ವಿಗ್ರಹಾರಾಧಕರ ಕ್ರೌರ್ಯ ಹೀಗಿತ್ತು ಎಂದು ಪ್ರಸಂಗ ಮಾಡುವುದು ಬಲು ಸುಲಭ. ಅದನ್ನು ಬರೆದವನು ಬಂದ ದೇಶದಲ್ಲಿ ಏನು ನಡೆದಿತ್ತೆಂಬುದನ್ನು ನೋಡಬೇಕು. 1506ರ ಏಪ್ರಿಲ್. ಲಿಸ್ಬನ್ನಿನಲ್ಲಿ ಬರಗಾಲವೂ ಪಿಡುಗೂ ಒಟ್ಟಿಗೆ ಬಂದಿದ್ದವು. ಡೊಮಿನಿಕನ್ ಸನ್ಯಾಸಿಗಳ ದೇವಾಲಯದಲ್ಲಿ ಜನರು ಮಳೆಗಾಗಿ, ಬಿಡುಗಡೆಗಾಗಿ ಪ್ರಾರ್ಥಿಸುತ್ತಿದ್ದಾಗ ಶಿಲುಬೆಯ ಮೇಲೆ ಬೆಳಕು ಕಂಡಿತೆಂದು ಕೂಗಾಯಿತು. ಅದು ದೀಪದ ಪ್ರತಿಬಿಂಬವಿರಬಹುದು ಎಂದ ಒಬ್ಬನನ್ನು ಅಲ್ಲೇ ಎಳೆದು ಕೊಂದರು. ಅವನು ‘ಹೊಸ ಕ್ರೈಸ್ತ’, ಅಂದರೆ ಬಲವಂತದಿಂದ ದೀಕ್ಷಾಸ್ನಾನ ಹೊಂದಿದ ಯೆಹೂದ್ಯರ ಸಮುದಾಯದವನು. ಆಮೇಲೆ ಸನ್ಯಾಸಿಗಳೇ ಜನರನ್ನು ಹುರಿದುಂಬಿಸಿದರು. ಕೆಲವೇ ದಿನಗಳಲ್ಲಿ ಸಾವಿರಕ್ಕೂ ಮಿಕ್ಕಿ ಹೊಸ ಕ್ರೈಸ್ತರು ಬೀದಿಗಳಲ್ಲಿ ಕೊಲ್ಲಲ್ಪಟ್ಟರು. ರಾಜ ಮಾನುಯೆಲನು ಆಗ ಪಟ್ಟಣದಲ್ಲಿರಲಿಲ್ಲ; ಬಳಿಕ ಅವನು ಮುಂದಾಳುಗಳನ್ನು ಶಿಕ್ಷಿಸಿದನು, ಇಬ್ಬರು ಸನ್ಯಾಸಿಗಳಿಗೂ ಮರಣದಂಡನೆಯಾಯಿತು. ಇದು ಪಾಯೆಸನು ಹೊಸಪೇಟೆಯ ಏರಿಯ ಮೇಲೆ ನಿಂತದ್ದಕ್ಕೆ ಕೇವಲ ಹದಿನಾಲ್ಕು ವರ್ಷ ಹಿಂದಿನ ಮಾತು. ಅಲ್ಲಿಯೂ ನೀರಿಲ್ಲ, ಅಲ್ಲಿಯೂ ಕೇಳುವವರಿಲ್ಲದ ಜನ, ಮೇಲಾಗಿ ಅಲ್ಲಿ ಎದುರಿಗೆ ಕ್ರಿಸ್ತನ ಶಿಲುಬೆಯೇ ಇತ್ತು. ಆ ಶಿಲುಬೆಯನ್ನು ನೋಡುತ್ತಲೇ ಅವರು ಕೊಂದರು. ಲಿಸ್ಬನ್ನಿನ ಬೀದಿಗಳನ್ನು ಮರೆತು ಹೊಸಪೇಟೆಯ ಏರಿಯನ್ನು ಖಂಡಿಸುವ ಹಕ್ಕು ನಮಗಿಲ್ಲ.

ಪವಿತ್ರ ಗ್ರಂಥವೂ ಈ ವಿಷಯದಲ್ಲಿ ತನ್ನ ಜನರನ್ನು ಮರೆಮಾಚುವುದಿಲ್ಲ. ಅರಸುಗಳ ಮೊದಲನೆಯ ಗ್ರಂಥದ 16ನೆಯ ಅಧ್ಯಾಯದ ಕಡೆಯ ವಚನವನ್ನು ನಾವು ಸಾಮಾನ್ಯವಾಗಿ ಓದಿ ದಾಟಿಬಿಡುತ್ತೇವೆ. ಬೇತೇಲಿನ ಹೀಯೇಲನು ಯೆರಿಕೋವನ್ನು ಪುನಃ ಕಟ್ಟಿದನು. ಅಸ್ತಿವಾರ ಹಾಕುವಾಗ ಅವನ ಚೊಚ್ಚಲ ಮಗ ಹೋದನು, ಬಾಗಿಲುಗಳನ್ನು ನಿಲ್ಲಿಸುವಾಗ ಕಿರಿಯ ಮಗ ಹೋದನು. ಇದು ಯೆಹೋಶುವನ ಶಾಪ ನೆರವೇರಿದ್ದೆಂದು ಗ್ರಂಥಕರ್ತನು ಹೇಳುತ್ತಾನೆ. ಅಸ್ತಿವಾರದಲ್ಲಿ ಮಕ್ಕಳನ್ನು ಬಲಿ ಕೊಟ್ಟದ್ದೇ ಇಲ್ಲಿನ ಅರ್ಥವೆಂದು ವಾದಿಸುವ ವ್ಯಾಖ್ಯಾನಕಾರರೂ ಇದ್ದಾರೆ. ಮೋವಾಬಿನ ಅರಸ ಮೇಷನು ಸೋಲುವ ಗಳಿಗೆಯಲ್ಲಿ ತನ್ನ ಹಿರಿಯ ಮಗನನ್ನು ಗೋಡೆಯ ಮೇಲೆ ಅರ್ಪಿಸಿದನು. ಯೆಫ್ತಾಹನು ಇಸ್ರಾಯೇಲಿನ ನ್ಯಾಯಸ್ಥಾಪಕನೇ. ಅವನ ಹರಕೆಗೆ ಅವನ ಒಬ್ಬಳೇ ಮಗಳು ಬಿದ್ದಳು, ಆಕೆಯ ಹೆಸರು ಕೂಡ ನಮಗೆ ಉಳಿದಿಲ್ಲ. ಯೆರೂಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯಲ್ಲಿ ಮಕ್ಕಳನ್ನು ಸುಟ್ಟವರು ಅನ್ಯಜನರಲ್ಲ, ಯೆಹೂದದವರು. ಅದನ್ನು ತಾನು ವಿಧಿಸಲಿಲ್ಲ, ಅದು ತನ್ನ ಮನಸ್ಸಿಗೂ ಬರಲಿಲ್ಲ ಎಂದು ಕರ್ತನು ಯೆರೆಮೀಯನ ಬಾಯಿಂದ ಹೇಳಿಸುತ್ತಾನೆ. ಹಾಗೆ ಹೇಳಿಸಬೇಕಾಗಿ ಬಂತೆಂದರೆ, ಇದು ಕರ್ತನ ವಿಧಿಯೇ ಎಂದು ನಂಬಿದವರು ಆತನ ಆಲಯದಲ್ಲೇ ಇದ್ದರೆಂದಾಯಿತು. ಮೀಕನ ಗ್ರಂಥದಲ್ಲಿ ಆರಾಧಕನು ಹೋರಿಕರುಗಳಿಂದ ಮೊದಲುಮಾಡಿ, ಸಾವಿರಾರು ಟಗರುಗಳಿಗೆ ಏರಿ, ಕಡೆಗೆ ತನ್ನ ಚೊಚ್ಚಲ ಮಗನನ್ನೇ ಕೊಡಲೇ ಎಂದು ಕೇಳುವವರೆಗೆ ಹೋಗುತ್ತಾನೆ. ಭಯಪಟ್ಟವನ ಹರಾಜು ಹಾಗೆಯೇ ಏರುತ್ತದೆ. ಪ್ರವಾದಿಯ ಉತ್ತರದಲ್ಲಿ ಆ ಹರಾಜಿಗೆ ಜಾಗವೇ ಇಲ್ಲ. ನ್ಯಾಯ, ಕರುಣೆ, ನಮ್ರವಾದ ನಡೆ, ಇಷ್ಟೇ.

ಹೀಗಿರುವಾಗ ಕನ್ನಡದಲ್ಲಿ ಶಿಲುಬೆಯನ್ನು ಸಾರುವವನು ಯಾವ ಪದಗಳನ್ನು ಕೈಗೆತ್ತಿಕೊಳ್ಳುತ್ತಾನೆ? 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವ್ಯಾಕರಣ ನಿಘಂಟುಗಳ ನೆರವಿಲ್ಲದೆ ಭಾಷೆ ಕಲಿತು, ವಿಲಿಯಂ ರೀವ್ ಮೊದಲಾದವರೊಂದಿಗೆ ಸೇರಿ ಮಾಡಿದ ಕೆಲಸದಿಂದ 1831ರ ವೇಳೆಗೆ ಇಡೀ ಸತ್ಯವೇದ ಕನ್ನಡದಲ್ಲಿ ದೊರೆಯಿತು. ಹೊಸಪೇಟೆ, ಕಂಪ್ಲಿಗಳ ಜನ ಆಡುವ ಕನ್ನಡದ ನೆರೆಯಲ್ಲೇ ಆ ಕೆಲಸ ನಡೆಯಿತೆಂಬುದನ್ನು ನಾವು ಮರೆಯುವಂತಿಲ್ಲ. ಮುಂದಿನ ಪರಿಷ್ಕರಣಗಳನ್ನೂ ದಾಟಿ ನಮ್ಮ ಕೈಗೆ ಬಂದಿರುವ ಸತ್ಯವೇದದಲ್ಲಿ ಹೆಚ್ಚಾಗಿ ನಿಂತಿರುವ ಪದ ‘ಯಜ್ಞ’. ಕಥೋಲಿಕ ಸಹೋದರರು ತಮ್ಮ ಆರಾಧನೆಯನ್ನು ‘ಬಲಿಪೂಜೆ’ ಎನ್ನುತ್ತಾರೆ. ಯಜ್ಞವೆಂದರೆ ಕನ್ನಡಿಗನ ಕಣ್ಣಿಗೆ ಹೋಮಕುಂಡ, ತುಪ್ಪ, ಮಂತ್ರ. ಬಲಿಯೆಂದರೆ ಮಾರಿಯ ಗುಡಿ, ಕೋಣ, ಕೋಳಿ, ಗಡಿಯಲ್ಲಿ ಚೆಲ್ಲಿದ ರಕ್ತಾನ್ನ. ಮೊದಲನೆಯದು ಮೇಲ್ಜಾತಿಯ ಪದ, ಎರಡನೆಯದು ಊರ ಜನರ ಪದ. ಕಿಟೆಲ್ ಮಹಾಶಯರು ನಿಘಂಟಿಗೆ ಬಹಳ ಮುಂಚೆಯೇ, 1872ರಲ್ಲಿ, ‘ಯಜ್ಞಸುಧಾನಿಧಿ’ ಎಂಬ ಕೃತಿಯನ್ನು ಮಂಗಳೂರಿನಲ್ಲಿ ಪ್ರಕಟಿಸಿ ವೇದಗಳ ಯಜ್ಞವನ್ನು ಕುರಿತು ಚರ್ಚಿಸಿದರು. ಊರ ಬಲಿಯನ್ನು ಕುರಿತು ಅಷ್ಟು ಶ್ರದ್ಧೆಯಿಂದ ಚರ್ಚಿಸುವ ಕೆಲಸ ನಮ್ಮ ದೈವಶಾಸ್ತ್ರದಲ್ಲಿ ಇನ್ನೂ ಆಗಬೇಕಾಗಿದೆ. ನಮ್ಮ ಸಭೆಗಳಿಗೆ ಬಂದವರಲ್ಲಿ ಬಹುಪಾಲು ಜನರ ಅಜ್ಜ ಅಜ್ಜಿಯರು ಹೋಮಕುಂಡದ ಹತ್ತಿರ ಸುಳಿಯಲು ಬಿಡಿಸಿಕೊಂಡವರಲ್ಲ. ಅವರು ಕೋಣ ಬಿದ್ದ ಕಡೆ ನಿಂತಿದ್ದವರು. ಅವರ ಮೊಮ್ಮಕ್ಕಳ ಕಿವಿಗೆ, ಕ್ರಿಸ್ತನು ನಮಗಾಗಿ ಬಲಿಯಾದನು ಎಂಬ ಮಾತು ಯಾವ ಅರ್ಥದಲ್ಲಿ ಬೀಳುತ್ತದೆ?

ನಾನು ಕೇಳಿರುವ ಅನೇಕ ಪ್ರಸಂಗಗಳ ಕಟ್ಟು ಹೀಗಿರುತ್ತದೆ. ಮನುಷ್ಯನು ಪಾಪ ಮಾಡಿದನು, ದೇವರು ಕೋಪಗೊಂಡನು, ರಕ್ತವಿಲ್ಲದೆ ಕೋಪ ಇಳಿಯದು, ಯೇಸು ರಕ್ತ ಕೊಟ್ಟನು, ಕೋಪ ಇಳಿಯಿತು. ಇದರಲ್ಲಿ ಒಂದೊಂದು ಪದಕ್ಕೂ ವಾಕ್ಯದ ಆಧಾರವನ್ನು ತೋರಿಸಬಹುದು. ಆದರೆ ಹೊಸಪೇಟೆಯ ಏರಿಯ ಮೇಲೆ ನಿಂತು ಇದನ್ನು ಹೇಳಿದರೆ, ಕೇಳುವವನಿಗೆ ಅದು ತಾನು ಮೊದಲೇ ಬಲ್ಲ ಕಥೆ. ಏರಿ ಒಡೆಯಿತು, ದೇವರು ಮುನಿದನು, ರಕ್ತ ಬಿತ್ತು, ಏರಿ ನಿಂತಿತು. ಹೊಸತು ಏನೂ ಇಲ್ಲ. ಬೆಲೆ ಮಾತ್ರ ದೊಡ್ಡದು, ಬಂದಿಗಳಿಗೆ ಬದಲಾಗಿ ದೇವಕುಮಾರ. ನಮ್ಮ ಕರ್ತನ ತಂದೆಯು ಕೆರೆಯ ದೇವತೆಯ ಆಸನದಲ್ಲಿ ಕುಳಿತಂತಾಗುತ್ತದೆ.

ಆನ್ಸೆಲ್ಮನ ಮೇಲೆ ಈ ದೋಷವನ್ನು ಹೊರಿಸುವುದು ವಾಡಿಕೆ. 11ನೆಯ ಶತಮಾನದ ಕಡೆಯಲ್ಲಿ ಅವನು ಬರೆದ ‘ದೇವರು ಏಕೆ ಮನುಷ್ಯನಾದನು’ ಎಂಬ ಗ್ರಂಥವನ್ನು ತಾಳ್ಮೆಯಿಂದ ಓದಿದರೆ, ತಂದೆಯು ನಿರಪರಾಧಿಯ ರಕ್ತಕ್ಕೆ ಬಾಯಾರಿದನೆಂಬ ಭಾವನೆಯನ್ನು ಅವನೇ ತಳ್ಳಿಹಾಕುವುದು ಕಾಣುತ್ತದೆ. ಅವನನ್ನು ಸಂಕ್ಷೇಪಿಸಿದವರು ಮಾಡಿದ ಹಾನಿ ಹೆಚ್ಚು. 20ನೆಯ ಶತಮಾನದಲ್ಲಿ ರೆನೆ ಜಿರಾರ್ ಎಂಬ ಫ್ರೆಂಚ್ ಚಿಂತಕನು, ಸಮುದಾಯವು ತನ್ನ ಬಿಕ್ಕಟ್ಟನ್ನು ಒಬ್ಬನ ತಲೆಗೆ ಕಟ್ಟಿ ಶಾಂತವಾಗುವ ರೀತಿಯನ್ನು ವಿವರಿಸಿ, ಸುವಾರ್ತೆಗಳು ಆ ಗುಟ್ಟನ್ನು ಬಯಲುಮಾಡುತ್ತವೆ ಎಂದನು. ಅವನ ಸಿದ್ಧಾಂತವನ್ನು ಎಲ್ಲ ಬಲಿಗಳಿಗೂ ಹೊಂದಿಸುವುದು ನನಗೆ ಒಪ್ಪಿಗೆಯಿಲ್ಲ; ಯಾಜಕಕಾಂಡದ ಸಮಾಧಾನಯಜ್ಞದಲ್ಲಿ ಊಟದ ಸಂತೋಷವೂ ಇದೆ. ಹೊಸಪೇಟೆಗೂ ಲಿಸ್ಬನ್ನಿಗೂ ಅದು ಚೆನ್ನಾಗಿ ಹೊಂದುತ್ತದೆ.

ಈ ಎಲ್ಲಕ್ಕಿಂತ ನನಗೆ ಹೆಚ್ಚು ಬೆಳಕು ಕೊಟ್ಟದ್ದು ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯ. ಜನವೆಲ್ಲಾ ನಾಶವಾಗುವುದಕ್ಕಿಂತ ಒಬ್ಬನು ಸಾಯುವುದು ಮೇಲು ಎಂದು ಸಭೆಯಲ್ಲಿ ಹೇಳುವವನು ಮಹಾಯಾಜಕ ಕಾಯಫ. ರೋಮನರು ಬಂದು ಸ್ಥಾನವನ್ನೂ ಜನವನ್ನೂ ಕಿತ್ತುಕೊಂಡಾರೆಂಬ ಭಯದಿಂದ ಬಂದ ಮಾತು ಅದು. ಏರಿ ಒಡೆದೀತು ಎಂಬ ಭಯವೇ. ಹೊಸಪೇಟೆಯ ದೇವಾಲಯದ ಬಾಗಿಲಲ್ಲಿ ಆಡಿದ ಮಾತಿಗೂ ಇದಕ್ಕೂ ಎಳ್ಳಷ್ಟೂ ಭೇದವಿಲ್ಲ. ಸುವಾರ್ತೆಯು ಆ ತರ್ಕವನ್ನು ಕೊಲೆಗಾರರ ಬಾಯಲ್ಲಿ ಇಟ್ಟಿದೆ, ತಂದೆಯ ಬಾಯಲ್ಲಿ ಅಲ್ಲ. ಆದರೆ ಇಲ್ಲಿಗೇ ನಿಲ್ಲಿಸಿದರೆ ಪೂರ್ತಿ ಸತ್ಯವನ್ನು ಹೇಳಿದಂತಾಗದು. ಏಕೆಂದರೆ ಮುಂದಿನ ವಾಕ್ಯದಲ್ಲೇ ಯೋಹಾನನು, ಕಾಯಫನು ತನಗೆ ತಿಳಿಯದೆ ಪ್ರವಾದಿಸಿದನು ಎನ್ನುತ್ತಾನೆ. ಯೇಸು ಜನಕ್ಕಾಗಿ ಸಾಯುವುದು ನಿಜವೇ. ಹಾಗಾದರೆ ಭೇದವೆಲ್ಲಿದೆ? ಕಾಯಫನು ಇನ್ನೊಬ್ಬನನ್ನು ಕೊಡುತ್ತಾನೆ, ತನ್ನನ್ನಲ್ಲ. ರಾಜನು ಬಂದಿಗಳನ್ನು ಕೊಡುತ್ತಾನೆ. ಮಲ್ಲನಗೌಡನು ಸೊಸೆಯನ್ನು ಕೊಡುತ್ತಾನೆ. ಶಿಲುಬೆಯಲ್ಲಿ ದೇವರು ಕೊಡುವವನ ಸ್ಥಾನದಲ್ಲಿದ್ದಾನೆ, ಮತ್ತು ಕೊಟ್ಟದ್ದು ತನ್ನನ್ನೇ. ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಕ್ರಿಸ್ತನನ್ನು ಮುಂದಿಡುವವನು ದೇವರೇ; ನಾವು ತಂದು ಅರ್ಪಿಸಿ ಆತನನ್ನು ಒಲಿಸಿಕೊಂಡೆವೆಂದು ಪೌಲನು ಬರೆಯಲಿಲ್ಲ. ತ್ರಿತ್ವದ ಬೋಧನೆಯನ್ನು ಬಿಟ್ಟು ಪ್ರಾಯಶ್ಚಿತ್ತವನ್ನು ಬೋಧ���ಸಿದರೆ ಕೆರೆಯ ದೇವತೆ ಹಿಂಬಾಗಿಲಿನಿಂದ ಒಳಗೆ ಬರುತ್ತಾಳೆ.

ಯೇಸು ಸತ್ತದ್ದು ಎಲ್ಲಿ, ಯಾರ ನಡುವೆ ಎಂಬುದನ್ನೂ ನೋಡಬೇಕು. ಇಬ್ರಿಯರಿಗೆ ಬರೆದ ಪತ್ರಿಕೆ ಬಾಗಿಲ ಹೊರಗೆ ಎನ್ನುತ್ತದೆ. ಆತನ ಎಡಬಲಗಳಲ್ಲಿದ್ದವರು ಮರಣಕ್ಕೆ ಅರ್ಹರೆನಿಸಿಕೊಂಡ ಬಂದಿಗಳು. ನೂನಿಜ್ ಹೊಸಪೇಟೆಯ ಸತ್ತವರನ್ನು ಕುರಿತು ಹೇಳಿದ್ದೂ ಅದನ್ನೇ. ಅವರ ಹೆಸರುಗಳು ಉಳಿಯಲಿಲ್ಲ. ಮರಣಕ್ಕೆ ಅರ್ಹರು ಎಂಬ ಆ ಒಂದು ಮಾತು ಅವರ ಸಾವನ್ನು ಯಾರಿಗೂ ಭಾರವಾಗದ ಹಾಗೆ ಮಾಡಿತು. ಕರ್ತನು ಅಂಥವರ ಸಾಲಿನಲ್ಲಿ ಎಣಿಸಲ್ಪಟ್ಟನು. ಪುನರುತ್ಥಾನದಲ್ಲಿ ತಂದೆಯು ಎಬ್ಬಿಸಿದ್ದು ಆ ಸಾಲಿನಿಂದಲೇ ಒಬ್ಬನನ್ನು. ಕನ್ನಡದ ಸತ್ಯವೇದದಲ್ಲಿ ‘ದೋಷಪರಿಹಾರಕ’ ಎಂಬ ಪದವಿದೆ. ಪೋರುಮಾಮಿಳ್ಳದ ಶಾಸನದ ಅರ್ಥದಲ್ಲಿ ದೋಷವೆಂದರೆ ಏರಿಯ ಬಿರುಕು, ನೆಲದ ಸವಳು. ಅದನ್ನು ಹುಡುಕಿ ಸರಿಪಡಿಸಬೇಕು, ಬೇರೊಬ್ಬನನ್ನು ಕೊಂದು ಮುಚ್ಚಬಾರದು. ಪಾಪವನ್ನು ಕುರಿತು ಬೋಧಿಸುವಾಗ ಈ ಅರ್ಥವನ್ನೂ ಜೊತೆಗಿಟ್ಟುಕೊಂಡರೆ ನಮಗೆ ಲಾಭವಿದೆ.

ಹಳೆಯ ಕೆರೆಯ ಕಥೆ ಹೀಗಿರಲು, ಅದರಿಂದ ಸ್ವಲ್ಪ ದೂರದಲ್ಲೇ ತುಂಗಭದ್ರೆಗೆ ಹೊಸ ಏರಿ ಬಂದಿತು. 1945ರಲ್ಲಿ ಅಸ್ತಿವಾರ, 1953ರಲ್ಲಿ ನೀರು. ಎಂಜಿನಿಯರ್ ತಿರುಮಲೆ ಅಯ್ಯಂಗಾರ್ ಮತ್ತು ಅವರ ಸಂಗಡಿಗರು ಕಲ್ಲು ಗಾರೆಯಿಂದ ಕಟ್ಟಿದ ಈ ಅಣೆಕಟ್ಟಿಗೆ ಯಾರ ತಲೆಯೂ ಬೇಕಾಗಲಿಲ್ಲ. ಆದರೆ ಸುಮಾರು 90 ಹಳ್ಳಿಗಳು ಮುಳುಗಿದವು, ಐವತ್ತು ಸಾವಿರಕ್ಕೂ ಹೆಚ್ಚು ಜನ ಎದ್ದು ಹೋಗಬೇಕಾಯಿತು. ನಾರಾಯಣದೇವರಕೆರೆ ಎಂಬ ದೊಡ್ಡ ಊರು ನೀರಿನಡಿ ಹೋಗಿ, ಅಲ್ಲಿನವರು ಮರಿಯಮ್ಮನಹಳ್ಳಿಯಲ್ಲಿ ನೆಲೆಯಾದರು. ಇದನ್ನು ನರಬಲಿ ಎಂದು ಕರೆಯುವುದು ಅತಿಯಾದೀತು. ಪರಿಹಾರವಿತ್ತು, ಹೊಸ ಊರುಗಳಿದ್ದವು. ಹಲವರ ಒಳಿತಿಗಾಗಿ ಕೆಲವರು ಎಂಬ ಮಾತನ್ನು ಆಗ ಯಾರು ಯಾರಿಗೆ ಹೇಳಿದರು ಎಂದು ಕೇಳುವ ಹೊಣೆ ಮಾತ್ರ ಉಳಿಯುತ್ತದೆ. ಸಂಡೂರಿನ ಗಣಿಗಳ ವಿಷಯದಲ್ಲಿಯೂ ಅದೇ ಮಾತನ್ನು ನಾವು ಕೇಳಿದ್ದೇವೆ.

2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ಕಳಚಿ ಕೊಚ್ಚಿಹೋಯಿತು. ಕಂಪ್ಲಿಯ ಕೆಳಗಿನವರೆಗೂ ನದೀತೀರದ ಊರುಗಳಲ್ಲಿ ಆತಂಕ. ತುಂಬಿದ ನೀರು ಹರಿಯುತ್ತಿರುವಾಗಲೇ, ಎಂಜಿನಿಯರರೂ ಕೆಲಸಗಾರರೂ ಒಂದು ವಾರದೊಳಗೆ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಆ ಕಂಡಿಯನ್ನು ಮುಚ್ಚಿದರು. ಆ ದಿನಗಳಲ್ಲಿ ಕೇಳಿಬಂದ ಪ್ರಶ್ನೆ, ಸರಪಳಿ ಏಕೆ ಸವೆಯಿತು, ಯಾರು ಪರೀಕ್ಷಿಸಬೇಕಾಗಿತ್ತು ಎಂಬುದು. ದೋಷವನ್ನು ಸರಪಳಿಯಲ್ಲಿ ಹುಡುಕುವ ಈ ಪ್ರಶ್ನೆ ಲೌಕಿಕವೆಂದು ನಮ್ಮ ಕೆಲವರಿಗೆ ತೋರುತ್ತದೆ. ನನಗೆ ಅದು ಮೀಕನಿಗೆ ಹತ್ತಿರವಾದ ಪ್ರಶ್ನೆಯಾಗಿ ತೋರುತ್ತದೆ.

ಇನ್ನು ಗಾರೆಕೆಲಸದವನ ಪ್ರಶ್ನೆ. ಮನೆಯ ಪಾಯ ತೆಗೆಯುವ ದಿನ, ಛಾವಣಿಗೆ ಕಾಂಕ್ರೀಟು ಹಾಕುವ ದಿನ, ಬೋರ್‌ವೆಲ್ ಕೊರೆಸುವ ದಿನ, ಮಾಲೀಕನು ಕೋಳಿ ಕೊಯ್ಯಿಸುತ್ತಾನೆ. ಹೊಸ ಲಾರಿಯ ಚಕ್ರದಡಿ ನಿಂಬೆಹಣ್ಣು ಇಡಿಸುತ್ತಾನೆ. ಕೂಲಿಗೆ ಬಂದ ವಿಶ್ವಾಸಿಯು ಅಲ್ಲಿ ನಿಲ್ಲಬಹುದೇ, ಮಧ್ಯಾಹ್ನ ಆ ಕೋಳಿಯ ಸಾರು ಉಣ್ಣಬಹುದೇ ಎಂದು ಕೇಳುತ್ತಾನೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8 ಮತ್ತು 10ನೆಯ ಅಧ್ಯಾಯಗಳನ್ನು ತೆರೆದು ನಾವು ಊಟದ ಬಗ್ಗೆ ಉತ್ತರ ಕೊಡುತ್ತೇವೆ: ವಿಗ್ರಹ ಏನೂ ಅಲ್ಲ, ಆದರೂ ಬಲಹೀನನಾದ ಸಹೋದರನ ಮನಸ್ಸಾಕ್ಷಿಯನ್ನು ನೋಡು. ಉತ್ತರ ಸರಿಯೇ. ನಾನು ಅದರ ಜೊತೆಗೆ ಇನ್ನೆರಡು ಮಾತುಗಳನ್ನು ಹೇಳುತ್ತ ಬಂದಿದ್ದೇನೆ. ಮಾಲೀಕನ ಭಯವನ್ನು ಗೇಲಿ ಮಾಡಬೇಡ. ಸಾಲ ಮಾಡಿ ಮನೆ ಕಟ್ಟುವವನಿಗೆ ಛಾವಣಿ ಬೀಳುವ ಭಯ ಸಹಜ. ಎರಡನೆಯದಾಗಿ, ಸಿಮೆಂಟಿನ ಪ್ರಮಾಣ ಕಡಿಮೆಯಾಗಿದ್ದರೆ, ಕಂಬಿ ತೆಳ್ಳಗಿದ್ದರೆ, ಸಾರುವೆಯ ಮೇಲೆ ಹತ್ತಿಸಿದ ಹುಡುಗನಿಗೆ ಹಗ್ಗವಿಲ್ಲದಿದ್ದರೆ, ಅದನ್ನು ಬಾಯಿಬಿಟ್ಟು ಹೇಳು. ಕೂಲಿ ಹೋದೀತು ಎಂದು ಅವನು ಹೇಳುತ್ತಾನೆ. ಹೋಗಬಹುದು. ಹಾಗೆ ಕೂಲಿ ಕಳೆದುಕೊಂಡು ಬಂದವನಿಗೆ ಆ ವಾರದ ಅಕ್ಕಿ ಎಲ್ಲಿಂದ ಬರಬೇಕು ಎಂಬುದನ್ನು ನಮ್ಮ ಸಭಾ ಸಮಿತಿಗಳು ಇನ್ನೂ ಚರ್ಚಿಸಿಲ್ಲ.